ಮೊಣಕಾಲುದ್ದ ನೀರು

ಜನವರಿಯ ಕೊನೆಯ ಭಾನುವಾರ ಬೆಳಗಿನ ಆರೂವರೆಗೆ ಪುಣೆಯ ಪಾಷಾಣ ಕೆರೆಯ ದಂಡೆಯ ಮೇಲಿದ್ದೆ. ಇಲ್ಲಿಂದ ಹೊರಟು ಒಂದೇ ನೀರಿನ ಬೆನ್ನು ಹತ್ತಿ ಸಂಜೆಯವರೆಗೆ ಹಕ್ಕಿ ನೋಡಬೇಕೆಂಬುದು ಬಹಳ ದಿನಗಳ ಆಸೆ. ಈ ಕೆರೆಯನ್ನು ತುಂಬುವ ರಾಮನದಿ ಮುಂದೆ ಮುಳಾ ನದಿಯನ್ನು ಸೇರುತ್ತದೆ. ಮುಳಾ-ಮುಠಾ ಒಂದಾಗಿ ಊರು ದಾಟಿ ಭೀಮೆಗೆ ಬೀಳುತ್ತದೆ. ಭೀಮೆ ಉಜನಿ ಅಣೆಕಟ್ಟಿನಲ್ಲಿ ತಂಗಿ, ಅಲ್ಲಿಂದ ನನ್ನ ಊರಾದ ಅಫಜಲಪುರದ ಕಡೆಗೆ ಹರಿಯುತ್ತದೆ. ಹೊಳೆದಂಡೆಯಲ್ಲಿ ಬೆಳೆದವನಿಗೆ ಪುಣೆಯಲ್ಲಿ ಇದೊಂದು ನಂಟು.

ಪಾಷಾಣದಲ್ಲಿ ಕಂಡದ್ದು ನಾಮದಕೋಳಿ, ನೀರುಕಾಗೆ, ಅಂತರಗಂಗೆಯ ಮೇಲೆ ಕಾಲಿಡುತ್ತ ನಡೆದ ನೀಲಿ ಜಂಬುಕೋಳಿ, ಗುಳುಮುಳುಕಗಳ ಒಂದು ಜೋಡಿ. ಕಾಲ್ದಾರಿಯ ತುಂಬ ವಾಯುವಿಹಾರದ ಜನ. ಪಟ್ಟಿ ಬರೆದುಕೊಂಡ ಮೇಲೆ ಗಮನಿಸಿದರೆ, ಅದರಲ್ಲಿದ್ದವು ಬಹುಪಾಲು ಈಜುವ, ಮುಳುಗುವ, ಇಲ್ಲವೇ ತೇಲುವ ಎಲೆಗಳ ಮೇಲೆ ನಡೆಯುವ ಹಕ್ಕಿಗಳು. ಕೆಸರಿನಲ್ಲಿ ಕಾಲೂರಿ ನಿಂತು ಕೊಕ್ಕು ಚುಚ್ಚಿ ಉಣ್ಣುವ ಗೊರವಗಳಾಗಲಿ, ಮೆಟ್ಟುಗಾಲು ಹಕ್ಕಿಗಳಾಗಲಿ ನಾನು ನಿಂತ ಕಡೆ ಇರಲಿಲ್ಲ. ಕಾರಣಕ್ಕಾಗಿ ದೂರ ಹುಡುಕಬೇಕಿಲ್ಲ. ಕೆರೆಯನ್ನು ಉದ್ಯಾನ ಮಾಡುವಾಗ ನಾವು ಮೊದಲು ಮಾಡುವ ಕೆಲಸವೆಂದರೆ ಹೂಳೆತ್ತಿ ಆಳ ಮಾಡುವುದು, ಅಂಚಿಗೆ ಕಲ್ಲು ಕಟ್ಟುವುದು, ಅದರ ಮೇಲೆ ದಾರಿ ಹಾಕುವುದು. ನೆಲ ಮುಗಿದಲ್ಲಿಯೇ ಆಳದ ನೀರು ಶುರುವಾದರೆ, ಕಾಲಿನ ಉದ್ದಕ್ಕೆ ತಕ್ಕಂತೆ ಗೇಣು, ಮೊಳ ಎಂದು ನೀರನ್ನು ಹಂಚಿಕೊಂಡು ಬದುಕುವ ಹಕ್ಕಿಗಳಿಗೆ ನಿಲ್ಲಲು ಜಾಗವೇ ಇಲ್ಲ. ನಮ್ಮ ಕಣ್ಣಿಗೆ ಅಸಹ್ಯವಾಗಿ ಕಾಣುವ ಆ ಕೆಸರಿನ ಪಟ್ಟಿಯೇ ಅವುಗಳ ಅಡುಗೆಮನೆ.

ಕವಡಿ ಪಾಟ್‌ನಲ್ಲಿ ಇದು ಮೂಗಿಗೇ ಬಡಿಯುವಂತೆ ಸ್ಪಷ್ಟವಾಯಿತು. ಸೊಲ್ಲಾಪುರ ರಸ್ತೆಯ ಬದಿಯಲ್ಲಿ, ನಗರದ ಕೊಳಚೆಯನ್ನೆಲ್ಲ ಹೊತ್ತು ಬರುವ ಮುಳಾ-ಮುಠಾ ಹಳೆಯದೊಂದು ಒಡ್ಡಿನ ಬಳಿ ಬಂಡೆಗಳ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ನೊರೆ, ನಾತ, ಜಾಲಿಯ ಟೊಂಗೆಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ. ಅದರ ನಡುವೆಯೇ ಮೆಟ್ಟುಗಾಲು ಹಕ್ಕಿಗಳ ದೊಡ್ಡ ಹಿಂಡು, ಬಾಲ ಕುಣಿಸುವ ಕುಂಡೆಕುಸ್ಕಗಳು, ಹಿಮಾಲಯದಾಚೆಯಿಂದ ಬಂದ ಜಕ್ಕವಕ್ಕಿಗಳು. ಹಳೆಯ ಕಾವ್ಯಗಳಲ್ಲಿ ಇರುಳೆಲ್ಲ ಸಂಗಾತಿಯನ್ನು ಅಗಲಿ ಹಂಬಲಿಸುವ ಜಕ್ಕವಕ್ಕಿ ಇಲ್ಲಿ ಥರ್ಮಾಕೋಲಿನ ತುಂಡೊಂದರ ಪಕ್ಕದಲ್ಲಿ ಜೋಡಿಯಾಗಿಯೇ ನಿದ್ದೆ ಮಾಡುತ್ತಿತ್ತು.

ಇಷ್ಟು ಹಕ್ಕಿಗಳಿರುವಾಗ ನದಿ ಅಷ್ಟೇನೂ ಕೆಟ್ಟಿಲ್ಲ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಈ ವಾದವನ್ನು ಒಪ್ಪಲಾರೆ. ಕೊಳೆತ ನೀರಿನಲ್ಲಿ ಹುಳುಗಳು ಹೇರಳವಾಗಿ ಹುಟ್ಟುತ್ತವೆ, ಅವನ್ನು ತಿನ್ನಬಲ್ಲ ಹಕ್ಕಿಗಳು ಸೇರುತ್ತವೆ. ತಿಳಿನೀರಿನ ಮೀನನ್ನೇ ನೆಚ್ಚಿದವು ಸದ್ದಿಲ್ಲದೆ ಜಾಗ ಬಿಡುತ್ತವೆ. ತಲೆಯೆಣಿಕೆ ಹೆಚ್ಚಾದ ಮಾತ್ರಕ್ಕೆ ಹೊಳೆಗೆ ಆರೋಗ್ಯದ ಪ್ರಮಾಣಪತ್ರ ಸಿಕ್ಕಿತೆಂದಲ್ಲ. ಕೊಳಚೆ ನಿಲ್ಲಲೇಬೇಕು, ಆದರೆ ಅದನ್ನು ನಿಲ್ಲಿಸುವ ಹೆಸರಿನಲ್ಲಿ ತೆಳುನೀರಿನ ಹರವನ್ನು ಅಳಿಸಿ ಗೋಡೆ ಕಟ್ಟಬಾರದು. ಮಂಡಿನೋವಿರುವ ನನಗೂ ಸಮತಟ್ಟಾದ ಕಾಲ್ದಾರಿ ಬೇಕು. ಕೆರೆಯ ಒಂದು ಮಗ್ಗುಲಿಗೆ ಅದು ಇರಲಿ. ಇನ್ನೊಂದು ಮಗ್ಗುಲಿಗೆ ದಾರಿ, ದೀಪ, ಬೇಲಿ ಯಾವುದೂ ಬೇಡ, ನೆಲ ತಾನಾಗಿ ಇಳಿಜಾರಾಗಿ ನೀರಿಗೆ ಸೇರಲಿ.

ಮಧ್ಯಾಹ್ನ ಮೂರಕ್ಕೆ ಭಿಗವಣದ ಹತ್ತಿರದ ಕುಂಭಾರಗಾವ ತಲುಪಿದೆ. ಪುಣೆಯಿಂದ ಸುಮಾರು 100 ಕಿಲೋಮೀಟರ್. ಉಜನಿಯ ಹಿನ್ನೀರಿನಲ್ಲಿ ಮೀನು ಹಿಡಿಯುವವರೇ ಚಳಿಗಾಲದಲ್ಲಿ ದೋಣಿಯಲ್ಲಿ ಕೂರಿಸಿಕೊಂಡು ಹಕ್ಕಿ ತೋರಿಸುತ್ತಾರೆ. ರಾಜಹಂಸಗಳು ಬೆರಳೆಣಿಕೆಯಷ್ಟಿದ್ದವು. “ಏನು ದಾದಾ, ಈ ಸಲ ಇಷ್ಟೇ?” ಎಂದು ಮರಾಠಿಯಲ್ಲಿ ಕೇಳಿದೆ. ಆತ ಮಾತಾಡದೆ ಗಳವನ್ನು ನೀರಿಗಿಳಿಸಿ, ಒದ್ದೆಯಾದ ಭಾಗವನ್ನು ಎತ್ತಿ ತೋರಿಸಿದ: ಆಳುದ್ದ. ರಾಜಹಂಸ ತಲೆಯನ್ನು ತಲೆಕೆಳಗು ಮಾಡಿ, ಬಾಗಿದ ಕೊಕ್ಕಿನಿಂದ ಕೆಸರುನೀರನ್ನು ಸೋಸಿ ತಿನ್ನುವ ಹಕ್ಕಿ. ತಳ ಎಟುಕದಿದ್ದರೆ ಅದಕ್ಕೆ ಈ ವಿಸ್ತಾರದಿಂದ ಪ್ರಯೋಜನವಿಲ್ಲ. ಕಾಲುವೆಗೆ ನೀರು ಬಿಟ್ಟಂತೆಲ್ಲ ಹಿನ್ನೀರು ಸರಿದು ಕೆಸರು ತೆರೆದುಕೊಳ್ಳುತ್ತದೆ, ಆಗ ಅವು ಬರುತ್ತವೆ, ಅವುಗಳ ಹಿಂದೆ ಕ್ಯಾಮೆರಾದವರೂ ಬರುತ್ತಾರೆ. ಈ ವರ್ಷ ನೀರು ಇಳಿಯದೆ ತನ್ನ ಸಂಪಾದನೆ ಕುಂಠಿತವಾಗಿದೆ ಎಂದು ಆತ ಗೊಣಗಿದ. ಹಳ್ಳಿಗಳನ್ನು ಮುಳುಗಿಸಿ ನಿಂತ ನೀರಿದು, ಸಹಜವಾದ ಕೆರೆಯಲ್ಲ; ಆದರೂ ಇದರ ಅಂಚನ್ನು ಯಾರೂ ಕಟ್ಟಿಲ್ಲವಾದ್ದರಿಂದ ಅದು ಋತುವಿಗೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತದೆ.

ಹೊತ್ತು ಮುಳುಗುವಾಗ ಪಟ್ಟೆತಲೆ ಹೆಬ್ಬಾತುಗಳ ಸಾಲೊಂದು ತಲೆಯ ಮೇಲೆ ಕೂಗುತ್ತ ಹಾದುಹೋಯಿತು. ನೀರು ಬೇಗ ಇಳಿಯಲಿ, ಮಾರ್ಚ್‌ನಲ್ಲಿ ಮತ್ತೆ ಬರೋಣ ಎಂದು ಮನಸ್ಸಿನಲ್ಲಿ ಎಣಿಸುತ್ತ ದೋಣಿಯಿಂದ ಇಳಿಯುವಷ್ಟರಲ್ಲಿ ಊರಿನಿಂದ ತಮ್ಮನ ಫೋನು. ಕಬ್ಬಿಗೆ ಹೊಳೆಯ ನೀರನ್ನೇ ನಂಬಿದವನು. ನಾನು ಎಲ್ಲಿದ್ದೇನೆಂದು ತಿಳಿದ ಕೂಡಲೇ ಹಕ್ಕಿಗಳ ಸುದ್ದಿ ಬಿಟ್ಟು, “ಅಣ್ಣಾ, ಉಜನ್ಯಾಗ ನೀರ ಎಷ್ಟ ಅದ?” ಎಂದ. ಇನ್ನೂ ಆಳುದ್ದ ಅದ ಎಂದೆ. “ಛಲೋ ಆತು ಬಿಡು” ಎಂದು ಅವನು ಫೋನಿಟ್ಟ.