51ನೇ ಮೀಟರಿನ ಮಹಿಮೆ

ಶಾಲೆಯೊಳಗೆ, ಮತ್ತೆ ಗೇಟಿನಿಂದ ಯಾವ ದಿಕ್ಕಿಗೆ ಹೋದರೂ 50 ಮೀಟರ್‌ವರೆಗೆ, ಕೊಬ್ಬು-ಉಪ್ಪು-ಸಕ್ಕರೆ ಜಾಸ್ತಿ ಇರುವ ತಿನಿಸು ಮಾರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ನಮ್ಮ ಹುಬ್ಬಳ್ಳಿ-ಧಾರವಾಡದವರು ಕಾನೂನಿಗೆ ತಲೆಬಾಗುವ ಜನ. ಅದಕ್ಕೇ ಚಿಪ್ಸ್ ಮಾಲೆ ಇಳಿಬಿಟ್ಟ ಗಾಡಿ 51ನೇ ಮೀಟರಿನಲ್ಲಿ ನಿಂತಿರುತ್ತದೆ. (ಚುರಮರಿ ಕಲಸಿ ಮಾಡುವ ನಮ್ಮ ಗಿರಮಿಟ್ಟನ್ನು ಇದಕ್ಕೆ ಎಳೀಬೇಡಿ. ಚುರಮರಿಯ ಪರ ನಾನೇ ವಕೀಲ. ಜೊತೆಗೆ ಬರುವ ಮಿರ್ಚಿಗೆ ಬೇರೆಯವರನ್ನು ನೋಡಿಕೊಳ್ಳಿ.)

ಈ ನಿಯಮದ ದೂರದೃಷ್ಟಿ ಯಾರಿಗೂ ಹೊಳೆದಿಲ್ಲ ನೋಡಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಅಂದರೂ 60 ನಿಮಿಷ ಮೈ ಬೆವರುವಂತೆ ಆಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಾಡಿಗೆ ಹೋಗಿ ಬಂದರೆ ಸುಮಾರು ನೂರು ಮೀಟರ್, ಅಂದರೆ ಒಂದೂವರೆ ನಿಮಿಷ. ಹೀಗೆ 40 ಸಲ ಓಡಾಡಿ 40 ಪಾಕೀಟು ತಂದರೆ ಲೆಕ್ಕ ಚುಕ್ತಾ!

ಬೇರೆ ದಾರಿಯಾದರೂ ಎಲ್ಲಿದೆ? ಆಟದ ಪೀರಿಯಡ್ಡನ್ನು ಗಣಿತದ ಮಾಸ್ತರರು ಜೂನ್‌ನಲ್ಲಿ ಕಡ ಒಯ್ದರೆ ಪರೀಕ್ಷೆ ಮುಗಿಯೋವರೆಗೂ ವಾಪಸ್ಸಿಲ್ಲ. ಮೈದಾನದಲ್ಲಿ ಶಾಲೆಯ ಬಸ್ಸುಗಳು ನಿಲ್ಲುತ್ತವೆ. ಪಿ.ಟಿ. ಮಾಸ್ತರರು ಆ ಬಸ್ಸುಗಳನ್ನು ಹಿಂದಕ್ಕೆ ತೆಗೆಸಲು ಸೀಟಿ ಊದುತ್ತಾರೆ.

2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ, ಯಾವ ತಿನಿಸಿನಲ್ಲಿ ಎಷ್ಟು ಸಕ್ಕರೆ ಅಂತ ತೋರಿಸುವ 'ಶುಗರ್ ಬೋರ್ಡ್' ಹಾಕಿ ಅಂದಿತು. ಒಳ್ಳೆಯದೇ. 300 ಮಿ.ಲೀ. ಕೋಲಾದಲ್ಲಿ ಸುಮಾರು 8 ಚಮಚ ಸಕ್ಕರೆ ಇರುತ್ತದೆ ಅಂತ ಮಕ್ಕಳಿಗೆ ಗೊತ್ತಾಗಲಿ. ಆದರೆ ಬೋರ್ಡ್ ಅಂದಮೇಲೆ ಉದ್ಘಾಟನೆ ಬೇಕಲ್ವಾ? ಅತಿಥಿಗಳಿಗೆ ಶಾಲು, ಹಾರ, ಪೇಢೆ ಡಬ್ಬಿ. ಸಕ್ಕರೆಯ ಅಪಾಯದ ಮೇಲೆ ಮುಕ್ಕಾಲು ತಾಸು ಭಾಷಣ. ಕೊನೆಗೆ, "ಪಾಪ, ಬಿಸಿಲಾಗ ನಿಂತಾವು" ಅಂತ ಮಕ್ಕಳಿಗೆಲ್ಲ ಕ್ರೀಮ್ ಬಿಸ್ಕತ್ತು, ಜ್ಯೂಸ್ ಡಬ್ಬಿ.

ಮನೆಯಲ್ಲಿ ಇನ್ನೂ ಮಜಾ. ಹುಡುಗನ ಅಂಗಿಯ ಗುಂಡಿ ಹೊಟ್ಟೆಯ ಮೇಲೆ ಕೂಡ್ತಾನೇ ಇಲ್ಲ, ಅಜ್ಜಿ ಮಾತ್ರ "ಎಷ್ಟ್ ಸೊರಗಿಯೋ ತಮ್ಮಾ!" ಅಂತ ಇನ್ನೊಂದು ಚಮಚ ತುಪ್ಪ ಸುರೀತಾಳೆ. ಹುಡುಗನ ಕುತ್ತಿಗೆಯ ಹಿಂದೆ ಕಪ್ಪು ಪಟ್ಟಿ ಮೂಡಿದೆ. ತಾಯಿ ಭಾನುವಾರ ಕಡಲೆಹಿಟ್ಟು ಹಚ್ಚಿ ಚರ್ಮ ಕೆಂಪಾಗೋ ಹಾಗೆ ತಿಕ್ಕುತ್ತಾಳೆ. ಕೊಳೆಯಾಗಿದ್ದರೆ ಹೋಗುತ್ತಿತ್ತು. ದಪ್ಪಗಿರುವ ಮಕ್ಕಳಲ್ಲಿ ಎಷ್ಟೋ ಸಲ ಅದು ಇನ್ಸುಲಿನ್ ಮಾತನ್ನು ಮೈ ಕೇಳ್ತಿಲ್ಲ ಅನ್ನೋದರ ಗುರುತು, ಟೈಪ್ 2 ಸಕ್ಕರೆ ಕಾಯಿಲೆ ಬಾಗಿಲು ಬಡೀತಿದೆ ಅಂತ. ರಾತ್ರಿ ಹುಡುಗ ಜೋರಾಗಿ ಗೊರಕೆ ಹೊಡೆದರೆ "ಥೇಟ್ ಅಪ್ಪನ ಹಂಗ" ಅಂತ ಹೆಮ್ಮೆ. ನಡುವೆ ಉಸಿರು ಕಟ್ಟುವುದನ್ನು ಯಾರೂ ನೋಡೋದಿಲ್ಲ. ಸಾರಾಯಿ ಅಂಗಡಿಯ ಬಾಗಿಲನ್ನೇ ಕಾಣದ ಹುಡುಗನ ಲಿವರ್‌ನಲ್ಲಿ ಕೊಬ್ಬು ಕೂತಿದೆ ಅಂತ ಡಾಕ್ಟರ್ ಹೇಳಿದಾಗ ಮಾತ್ರ, "ಮಷಿನ್ ಸರಿ ಇಲ್ರೀ ಸರ, ಇನ್ನೊಮ್ಮೆ ಸ್ಕ್ಯಾನ್ ಮಾಡ್ರಿ."

ಸಂಜೆ ಉಣಕಲ್ ಕೆರೆಗೆ ಹೋಗಿ ನೋಡಿ. ಅಪ್ಪ ಬಿಳಿ ಬೂಟು ಹಾಕಿಕೊಂಡು ಬಿರಬಿರನೆ ಸುತ್ತು ಹಾಕುತ್ತಿರುತ್ತಾರೆ. ಮಗ ಕಾರಿನಲ್ಲಿ ಎ.ಸಿ. ಹಾಕಿಕೊಂಡು, ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಪಾಕೀಟು ಹಿಡಿದು ಕೂತಿರುತ್ತಾನೆ. ಅವನನ್ನೂ ಕರಕೊಂಡು ನಡೀಬಾರದಾ ಅಂತ ಕೇಳಿದರೆ ಅಪ್ಪ ನಡಿಗೆ ನಿಲ್ಲಿಸದೇ ಹೇಳುತ್ತಾರೆ:

"ಅವಂಗ್ಯಾಕ್ರೀ? ಅವಂಗಿನ್ನೂ ಶುಗರ್ ಎಲ್ಲಿ ಬಂದೈತಿ?"