ಉತ್ತರ ಸಿಗದ ಒಂದು ತಿದ್ದುಪಡಿ

ಕಳೆದ ಫೆಬ್ರವರಿಯಲ್ಲಿ ಗೋಣಿಕೊಪ್ಪಲಿನಲ್ಲಿ, ಸಂಶೋಧಕರಿಗೆ ಕಂಪ್ಯೂಟರ್ ಕೌಶಲ ಕಲಿಸಲು ನಮ್ಮ ಸ್ವಯಂಸೇವಕರ ಬಳಗ ನಡೆಸಿದ ಎರಡು ದಿನಗಳ ಕಾರ್ಯಾಗಾರಕ್ಕೆ ಬಂದಿದ್ದ ಅರಣ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು, ಮನೆಗೆ ಹೋದ ಮೇಲೆ ನಮ್ಮ ಪಾಠದಲ್ಲಿದ್ದ ತಪ್ಪೊಂದನ್ನು ಹುಡುಕಿ, ಸರಿಪಡಿಸಿ ಕಳುಹಿಸಿದ್ದಳು. ಅಭ್ಯಾಸಕ್ಕೆಂದು ನಾವು ಕೊಟ್ಟಿದ್ದ ದತ್ತಾಂಶ ಒಂದು ತೋಟದ ಮನೆಯ ಮಳೆ ಪುಸ್ತಕದಿಂದ ತೆಗೆದದ್ದು. ಕೊಡಗಿನ ಅನೇಕ ತೋಟಗಳಲ್ಲಿ ಮಳೆಯ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟುಗಳಲ್ಲಿಯೇ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಭಾಗ) ನಡೆಯುತ್ತದೆ. ಒಂದು ಇಂಚು ಹತ್ತು ಸೆಂಟು ಮಳೆಯನ್ನು ಆ ಪುಸ್ತಕದಲ್ಲಿ 1-10 ಎಂದು ಬರೆದಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸಿದವರು ಉಳಿದೆಡೆಯೆಲ್ಲ ಚುಕ್ಕಿ ಇಟ್ಟು, ಮೂರು ಕಡೆ ಮಾತ್ರ ಪುಸ್ತಕದಲ್ಲಿದ್ದಂತೆಯೇ ಅಡ್ಡಗೆರೆ ಹಾಕಿದ್ದರು. ಲೆಕ್ಕದ ಕೋಷ್ಟಕಗಳ ತಂತ್ರಾಂಶವಾದ ಎಕ್ಸೆಲ್ ಆ ಮೂರನ್ನೂ ತಾರೀಖು ಎಂದು ಓದಿಕೊಂಡಿತು. 1-10 ಎಂಬುದು ಅಕ್ಟೋಬರ್ 1 ಆಯಿತು. ಎಕ್ಸೆಲ್ ಒಳಗೆ ತಾರೀಖು ಎಂದರೆ 1900ರಿಂದ ಎಣಿಸಿದ ದಿನಗಳ ಸಂಖ್ಯೆಯಾದ್ದರಿಂದ, ಆ ಮೂರು ಕೋಶಗಳಲ್ಲಿ (ಸೆಲ್) ಒಂದೊಂದರಲ್ಲೂ ನಲವತ್ತೈದು ಸಾವಿರಕ್ಕೂ ಮಿಕ್ಕಿದ ಅಂಕಿ ಅಡಗಿ ಕುಳಿತಿತ್ತು. ಜುಲೈ ತಿಂಗಳ ಮೊತ್ತ ತೆಗೆದರೆ ಮಳೆ ಒಂದು ಲಕ್ಷದ ಮೂವತ್ತೈದು ಸಾವಿರ ಇಂಚು ದಾಟುತ್ತಿತ್ತು.

ಆಕೆ ಆ ಮೂರು ಕೋಶಗಳನ್ನು ಗುರುತಿಸಿದ್ದಳು, ಕಾರಣವನ್ನು ವಿವರಿಸಿದ್ದಳು, ಸರಿಯಾದ ಕಡತವನ್ನೂ ಜೊತೆಗಿಟ್ಟಿದ್ದಳು. ಐವತ್ತೆಂಟು ದಿನ ನಮ್ಮಲ್ಲಿ ಒಬ್ಬರೂ ಅದಕ್ಕೆ ಉತ್ತರ ಬರೆಯಲಿಲ್ಲ. ನಾನೂ ಬರೆಯಲಿಲ್ಲ. ಏಪ್ರಿಲ್‌ನಲ್ಲಿ ಮುಂದಿನ ಕಾರ್ಯಾಗಾರಕ್ಕೆ ಸಹಾಯಕರಾಗಿ ಬನ್ನಿ ಎಂದು ಕರೆಯಲು ಫೋನ್ ಮಾಡಿದಾಗ ಆಕೆ ಹೇಳಿದ್ದು ಇಷ್ಟೇ: "ಇಲ್ಲ ಮೇಡಂ, ನಾನು ಬರೆದದ್ದು ತಪ್ಪಾಗಿತ್ತೇನೋ ಅಂದ್ಕೊಂಡೆ. ನನಗೆ ಇನ್ನೂ ಅಷ್ಟು ಬರಲ್ಲ."

ಆ ಮಾತು ಕೇಳಿದ ಮೇಲೆ, ನಮ್ಮ ಸ್ವಯಂಸೇವಕರ ಬಳಗ ಏಕೆ ಮಂಕಾಗಿದೆ ಎಂಬ ಪ್ರಶ್ನೆಗೆ ನಾವು ಪ್ರತಿ ಸಭೆಯಲ್ಲೂ ಹೇಳಿಕೊಳ್ಳುತ್ತಿದ್ದ ಕಾರಣಗಳನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ಜನರಿಗೆ ಆಸಕ್ತಿ ಇಲ್ಲ, ಪ್ರಮಾಣಪತ್ರ ಸಿಕ್ಕಿದ ಮೇಲೆ ತಿರುಗಿಯೂ ನೋಡುವುದಿಲ್ಲ ಎಂದು ನಾವು ದೂರುತ್ತಿದ್ದೆವು. ಬಳಗದಲ್ಲಿ ನೂರಿಪ್ಪತ್ತು ಜನರಿದ್ದಾರೆ. ಮಾತನಾಡುವವರು ಎಂಟು ಮಂದಿ. ಉಳಿದವರು ಸುಮ್ಮನಿದ್ದಾರೆ ಎಂದುಕೊಂಡಿದ್ದೆವು. ಅವರಲ್ಲಿ ಎಷ್ಟು ಮಂದಿ ಒಮ್ಮೆ ಮಾತನಾಡಿ, ಉತ್ತರ ಸಿಗದೆ ಸುಮ್ಮನಾದವರು ಎಂದು ಎಣಿಸುವ ಕೆಲಸವನ್ನು ನಾವು ಮಾಡಿರಲಿಲ್ಲ. ಕಳೆದ ತಿಂಗಳು ಕುಳಿತು ಹಳೆಯ ಸಂದೇಶಗಳನ್ನೆಲ್ಲ ತೆಗೆದು ನೋಡಿದೆ. ಹತ್ತೊಂಬತ್ತು ಮಂದಿ ಸಿಕ್ಕರು.

ಹೊಸಬರಿಗಾಗಿ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಸಂಶೋಧಕರಿಗೆ ಕಂಪ್ಯೂಟರ್ ಕೌಶಲ ಕಲಿಸುವ ಈ ಬಗೆಯ ಸ್ವಯಂಸೇವೆಗೆ ಮೊದಲ ದಾರಿ ಹಾಕಿದ್ದು ಸಾಫ್ಟ್‌ವೇರ್ ಕಾರ್ಪೆಂಟ್ರಿ. 1998ರಲ್ಲಿ ಅಮೆರಿಕದ ಲಾಸ್ ಅಲಾಮೋಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗ್ರೆಗ್ ವಿಲ್ಸನ್ ಮತ್ತು ಬ್ರೆಂಟ್ ಗೋರ್ಡಾ ಅದನ್ನು ಆರಂಭಿಸಿದರು. 2018ರಲ್ಲಿ ಅದು ದತ್ತಾಂಶ ಕೌಶಲ ಕಲಿಸುವ ಡೇಟಾ ಕಾರ್ಪೆಂಟ್ರಿಯೊಡನೆ ಸೇರಿ ದಿ ಕಾರ್ಪೆಂಟ್ರೀಸ್ ಆಯಿತು. ಯೂನಿಕ್ಸ್ ಶೆಲ್ (ಆದೇಶ ಬರೆದು ಕಂಪ್ಯೂಟರ್ ನಡೆಸುವ ವಿಧಾನ), ಗಿಟ್ (ಕಡತಗಳ ಬದಲಾವಣೆಗಳ ದಾಖಲೆ ಇಡುವ ಸಾಧನ), ಆರ್ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ಕುರಿತ ಅವರ ಪಾಠಗಳನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ನಾವೂ ಅವುಗಳಿಂದಲೇ ಕಲಿತು, ನಮ್ಮ ಮಳೆ, ಕಾಫಿ, ಏಲಕ್ಕಿ, ಕಾಡಿನ ಉದಾಹರಣೆಗಳನ್ನು ಸೇರಿಸಿ ಪಾಠ ಕಟ್ಟಿಕೊಂಡವರು. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನೆ, ಅಪ್ಪಂಗಳದಲ್ಲಿ ಏಲಕ್ಕಿ ಸಂಶೋಧನೆ, ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇರುವ ಈ ಪುಟ್ಟ ಜಿಲ್ಲೆಯಲ್ಲಿ ದತ್ತಾಂಶಕ್ಕೆ ಕೊರತೆಯಿಲ್ಲ; ಅದನ್ನು ಕೆಡದಂತೆ ಇಟ್ಟು, ಇನ್ನೊಬ್ಬರು ಮತ್ತೆ ಲೆಕ್ಕ ಹಾಕಿದರೂ ಅದೇ ಉತ್ತರ ಬರುವಂತೆ ಮಾಡುವ ಅಭ್ಯಾಸಕ್ಕೆ ಕೊರತೆಯಿದೆ. ಮೇಲೆ ಹೇಳಿದ ಎಕ್ಸೆಲ್ ತಪ್ಪು ವಿದ್ಯಾರ್ಥಿಗಳ ಮಟ್ಟದ ಸಣ್ಣ ಸಂಗತಿಯೂ ಅಲ್ಲ. ಸೆಪ್ಟ್1, ಮಾರ್ಚ್1 ಎಂಬ ಹೆಸರಿನ ಮಾನವ ಜೀನ್‌ಗಳನ್ನು (ವಂಶವಾಹಿಗಳನ್ನು) ಎಕ್ಸೆಲ್ ತಾರೀಖಾಗಿ ಬದಲಿಸಿಬಿಡುತ್ತಿದ್ದ ಕಾರಣ, 2020ರ ಹೊತ್ತಿಗೆ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಜಗತ್ತಿನ ವಿಜ್ಞಾನಿಗಳನ್ನು ಕಾಡಿದ ತಪ್ಪನ್ನು ನಮ್ಮ ಹುಡುಗಿ ನಾಪೋಕ್ಲಿನ ತನ್ನ ಮನೆಯಲ್ಲಿ ಕುಳಿತು ಹಿಡಿದಿದ್ದಳು.

ಮದುವೆ ಮನೆಯಲ್ಲಿ ಸುಧಾರಿಕೆ (ಊಟ ಬಡಿಸುವ ಕೆಲಸ) ಹೇಗೆ ನಡೆಯುತ್ತದೆ ಎಂಬುದನ್ನು ನಾವೆಲ್ಲ ನೋಡಿದ್ದೇವೆ. "ಎಲ್ಲರೂ ಸಹಕರಿಸಿ" ಎಂದು ಮೈಕಿನಲ್ಲಿ ಹೇಳಿದರೆ ಯಾರೂ ಏಳುವುದಿಲ್ಲ. ಮನೆಯ ಹಿರಿಯರೊಬ್ಬರು ಬಂದು, "ನೀನು ಆ ಸಾಲಿಗೆ ಅನ್ನ ಹಿಡಿ, ನಿನ್ನ ಹಿಂದೆ ಅವನು ಸಾರು ತರ್ತಾನೆ" ಎಂದರೆ, ಆ ಮನೆಗೆ ಮೊದಲ ಬಾರಿ ಬಂದ ಹುಡುಗನೂ ಪಂಚೆ ಎತ್ತಿ ಕಟ್ಟಿ ಬಕೆಟ್ ಹಿಡಿಯುತ್ತಾನೆ. ನಾವು ನಮ್ಮ ಬಳಗದಲ್ಲಿ ವರ್ಷಗಟ್ಟಲೆ ಮೈಕಿನಲ್ಲಿ ಮಾತನಾಡಿದ್ದೇವೆ. "ಆಸಕ್ತರು ಪಾಠಗಳನ್ನು ಪರಿಶೀಲಿಸಬಹುದು" ಎಂದು ನಾನು ಬರೆದ ಸಂದೇಶಗಳು ಹನ್ನೊಂದು. ಅವಕ್ಕೆ ಬಂದ ಪರಿಶೀಲನೆ ಸೊನ್ನೆ. ಮೇ ತಿಂಗಳಲ್ಲಿ ಮಡಿಕೇರಿಯ ಉಪನ್ಯಾಸಕರೊಬ್ಬರಿಗೆ, "ಸರ್, ಮೂರನೆಯ ಪಾಠದ ಎರಡನೆಯ ಅಭ್ಯಾಸವನ್ನು ಮಾತ್ರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿ, ಎಲ್ಲಿ ತಡವರಿಸಿದಿರಿ ಎಂದು ಎರಡು ಸಾಲು ಬರೆಯಿರಿ, ಇಪ್ಪತ್ತು ನಿಮಿಷದ ಕೆಲಸ" ಎಂದು ಬರೆದೆ. ಅಂದೇ ರಾತ್ರಿ ಒಂದೂವರೆ ಪುಟ ಬಂತು.

ಆದ್ದರಿಂದ ನಾನು ಕೇಳುವುದು ಎರಡು ವಿಷಯ. ಕೆಲಸವನ್ನು ಒಬ್ಬರ ಹೆಸರು ಹಿಡಿದು, ಅಳತೆ ಹೇಳಿ ಕೊಡೋಣ. ಮತ್ತು ಯಾರೇ ಏನೇ ಕಳುಹಿಸಲಿ, ನಲವತ್ತೆಂಟು ಗಂಟೆಯೊಳಗೆ ಮನುಷ್ಯರೊಬ್ಬರ ಉತ್ತರ ಹೋಗಲಿ. ಉತ್ತರ ಎಂದರೆ ಒಪ್ಪಿಗೆಯೇ ಆಗಬೇಕಿಲ್ಲ. "ನೋಡಿದೆ, ಭಾನುವಾರ ಕುಳಿತು ಪರೀಕ್ಷಿಸುತ್ತೇನೆ" ಎಂಬ ಒಂದು ಸಾಲು ಸಾಕು. ಇದಕ್ಕೆ ವಾರಕ್ಕೊಬ್ಬರು ಸರದಿಯಲ್ಲಿ ನಿಲ್ಲಬೇಕು. ಈಗಿನಂತೆ ಎಂಟೂ ಮಂದಿ ಎಲ್ಲದಕ್ಕೂ ಹೊಣೆಯೆಂದರೆ, ಇನ್ನೊಬ್ಬರು ನೋಡುತ್ತಾರೆ ಎಂದು ಎಂಟೂ ಮಂದಿ ಬಿಟ್ಟುಬಿಡುತ್ತೇವೆ. ಐವತ್ತೆಂಟು ದಿನ ಕಳೆದದ್ದು ಹಾಗೆಯೇ.

ಸರದಿಯ ಬಲ ಏನೆಂಬುದಕ್ಕೆ ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಕಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬ ಆರಂಭಿಸಿದ ಆ ಉತ್ಸವದ ಆತಿಥ್ಯವನ್ನು ಪ್ರತಿ ಬಾರಿಯೂ ಬೇರೆ ಬೇರೆ ಒಕ್ಕ (ಕೊಡವ ಮನೆತನ) ವಹಿಸಿಕೊಳ್ಳುತ್ತದೆ. ಒಂದೇ ಮನೆತನ ಅಷ್ಟು ವರ್ಷ ಹೊತ್ತಿದ್ದರೆ ಅದು ಇಷ್ಟು ದೂರ ನಡೆದು ಬರುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ನಮ್ಮ ತಿಂಗಳ ಸಭೆಯನ್ನೂ ಪ್ರತಿ ತಿಂಗಳು ಬೇರೊಬ್ಬರು ನಡೆಸಲಿ. ಮೊದಲ ಸಲ ನಡೆಸುವವರು ತಡವರಿಸಿದರೆ ತಡವರಿಸಲಿ.

ಸಭೆಯ ಸಮಯದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಂತರರಾಷ್ಟ್ರೀಯ ಬಳಗಗಳಲ್ಲಿ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ರಾತ್ರಿ ಎಂಟು ಗಂಟೆಗೆ ಇಟ್ಟ ಸಭೆ ನಮಗೆ ನಡುರಾತ್ರಿ ಒಂದೂವರೆಗೆ ಬೀಳುತ್ತದೆ ಎಂದು ನಾವೇ ಬೇಸರಪಟ್ಟಿದ್ದೇವೆ. ಹಾಗಿರುವಾಗ, ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ ಏಳಕ್ಕೆ ವೀಡಿಯೊ ಸಭೆ ಇಟ್ಟು, ಭಾಗಮಂಡಲದ ಕಡೆಯವರು ಬರಲಿಲ್ಲ ಎನ್ನುವುದು ನ್ಯಾಯವಲ್ಲ. ಮರ ಬಿದ್ದು ತಂತಿ ಹರಿದರೆ ಕರೆಂಟು ಮೂರು ದಿನ ಬರುವುದಿಲ್ಲ. ಟವರಿನ ಬ್ಯಾಟರಿ ಇಳಿದರೆ ನೆಟ್‌ವರ್ಕೂ ಇಲ್ಲ. ಮಳೆಗಾಲದ ಕೆಲಸ ಬರಹದಲ್ಲಿ ನಡೆಯಲಿ, ನೆಟ್‌ವರ್ಕ್ ಸಿಕ್ಕಾಗ ಓದಿ ಉತ್ತರಿಸುವಂತಿರಲಿ. ನವೆಂಬರ್‌ನಿಂದ ಕಾಫಿ ಕೊಯ್ಲು ಶುರುವಾದ ಮೇಲೆ ತೋಟದ ಮನೆಯವರಿಂದ ಹೆಚ್ಚು ನಿರೀಕ್ಷಿಸುವುದು ಬೇಡ. ಸೆಪ್ಟೆಂಬರ್, ಅಕ್ಟೋಬರ್ ನಮ್ಮ ತಿಂಗಳುಗಳು.

ಕಲಿಯುವವರು ಮತ್ತು ಕಲಿಸುವವರ ನಡುವೆ ಮೆಟ್ಟಿಲುಗಳೂ ಬೇಕು. ಕಾರ್ಪೆಂಟ್ರೀಸ್ ಕಾರ್ಯಾಗಾರಗಳಲ್ಲಿ ಎರಡು ಬಣ್ಣದ ಅಂಟುಚೀಟಿಗಳನ್ನು ಕೊಡುತ್ತಾರೆ. ಸಿಕ್ಕಿಹಾಕಿಕೊಂಡವರು ಒಂದು ಬಣ್ಣದ್ದನ್ನು ಲ್ಯಾಪ್‌ಟಾಪಿಗೆ ಅಂಟಿಸಿದರೆ ಸಹಾಯಕರು ಬಂದು ಪಕ್ಕದಲ್ಲಿ ನಿಲ್ಲುತ್ತಾರೆ. ಆ ಸಹಾಯಕರಾಗಲು ಇಡೀ ಪಾಠ ಕಲಿಸುವ ಧೈರ್ಯ ಬೇಕಿಲ್ಲ. ಅಲ್ಲಿ ಬೋಧಕರಾಗುವವರಿಂದಲೂ ಕೇಳುವ ಪಾಠ ಪ್ರದರ್ಶನ ಐದು ನಿಮಿಷದ್ದು ಮಾತ್ರ. ನಾವೋ ಹೊಸಬರಿಗೆ ನೇರವಾಗಿ ಅರ್ಧ ದಿನದ ಪಾಠ ಒಪ್ಪಿಸುತ್ತೇವೆ, ಅವರು ಹಿಂಜರಿದರೆ ಪಟ್ಟಿಯಿಂದ ಬಿಡುತ್ತೇವೆ. ಫೆಬ್ರವರಿಯಲ್ಲಿ ಲೂಪ್ (ಒಂದೇ ಆದೇಶವನ್ನು ಮತ್ತೆ ಮತ್ತೆ ನಡೆಸುವ ವಿಧಾನ) ಅರ್ಥವಾಗದೆ ಕುಳಿತಿದ್ದ ಹುಡುಗನಿಗೆ ಪಕ್ಕದಲ್ಲಿದ್ದವಳು, "ಕಾಫಿ ಕೊಯ್ಯೋವಾಗ ಸಾಲಿನ ಪ್ರತಿ ಗಿಡಕ್ಕೂ ಬೇರೆ ಬೇರೆ ಹೇಳ್ತೀವಾ? ಒಮ್ಮೆ ಹೇಳ್ತೀವಿ, ಸಾಲು ಮುಗಿಯೋವರೆಗೂ ಅದೇ ಕೆಲಸ" ಎಂದಳು. ನನ್ನ ಹದಿನೈದು ನಿಮಿಷದ ವಿವರಣೆ ತಲುಪದಿದ್ದಲ್ಲಿ ಅವಳ ಎರಡು ವಾಕ್ಯ ತಲುಪಿತು. ಮೂರು ಕೋಶ ಹಿಡಿದವಳೂ ಅವಳೇ.

ಕಳೆದ ಶನಿವಾರ ನಾಪೋಕ್ಲಿಗೆ ಹೋಗಿ ಆಕೆಯನ್ನು ಭೇಟಿಯಾಗಿ ಕ್ಷಮೆ ಕೇಳಿದೆ. ತಿದ್ದುಪಡಿಯನ್ನು ಅವಳ ಎದುರೇ ಪಾಠಕ್ಕೆ ಸೇರಿಸಿದೆವು. ಪಾಠದ ಲೇಖಕರ ಪಟ್ಟಿಯಲ್ಲಿ ಈಗ ಅವಳ ಹೆಸರಿದೆ. ಎಕ್ಸೆಲ್ ಮತ್ತು ತಾರೀಖಿನ ಬಗ್ಗೆ ಹೊಸ ಅಧ್ಯಾಯವೊಂದನ್ನು ಬರೆಯಲು ಒಪ್ಪಿದ್ದಾಳೆ, ಅದಕ್ಕೆ ಇನ್ನಷ್ಟು ಕೈಬರಹದ ಮಳೆ ಪುಸ್ತಕಗಳು ಬೇಕು ಎಂದಿದ್ದಾಳೆ. ನಿಮ್ಮ ಮನೆಯಲ್ಲಿ ಅಂಥದೊಂದು ಇದ್ದರೆ, ಜುಲೈ ತಿಂಗಳ ಒಂದು ಪುಟದ ಫೋಟೋ ತೆಗೆದು ನನಗೆ ಕಳುಹಿಸಿ. ಉಳಿದ ಹದಿನೆಂಟು ಮಂದಿಗೆ ಈ ವಾರ ನಾನೇ ಫೋನ್ ಮಾಡುತ್ತಿದ್ದೇನೆ.