ನಿಮ್ಮ ಮನೇಲಿ ಆಗಿದ್ರೆ?

ನಿನ್ನೆ ಅರಸೀಕೆರೆಯಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಗಂಡಸರೆಲ್ಲ ಹಾಲ್‌ನಲ್ಲಿ ಕೂತಿದ್ದೆವು. ಟಿವಿಯಲ್ಲಿ ಕೊಲೆ ಸುದ್ದಿ. ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬನನ್ನು ಪೊಲೀಸರು ಜೀಪಿನಿಂದ ಇಳಿಸುತ್ತಿದ್ದರು. ನೆಂಟರ ಪೈಕಿ ಒಬ್ಬ ಹುಡುಗ, ಒಳ್ಳೆಯವನೇ, ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ, "ಇಂಥೋರಿಗೆ ಕೋರ್ಟು ಗೀರ್ಟು ಯಾಕೆ? ಎನ್‌ಕೌಂಟರ್ ಮಾಡಿ ಬಿಸಾಕ್ಬೇಕು" ಅಂದ. ನಾಲ್ಕೈದು ಜನ ಹೂಂಗುಟ್ಟಿದರು. ನಾನು ಸುಮ್ನೆ ಇರಲಾಗದೆ "ಮಾಡಿದವನು ಇವನೇ ಅಂತ ಮೊದಲು ಗೊತ್ತಾಗಬೇಕಲ್ವಾ" ಅಂದೆ. ಅವನು ಥಟ್ಟನೆ ನನ್ನ ಕಡೆ ತಿರುಗಿ, "ನಿಮ್ಮ ಮನೇಲಿ ಆಗಿದ್ರೆ ಹೀಗೆ ಮಾತಾಡ್ತಿರಲಿಲ್ಲ ಮಾವ" ಅಂದ.

ವಯಸ್ಸಾದವರೆಲ್ಲ ತಲೆ ತಗ್ಗಿಸಿದರು. ಯಾರೋ ರಿಮೋಟ್ ಹುಡುಕಿ ಟಿವಿ ಆರಿಸಿದರು. ಅಡುಗೆಮನೆ ಬಾಗಿಲಲ್ಲಿ ಚಿಕ್ಕಮ್ಮ ಮಜ್ಜಿಗೆ ಲೋಟ ಇಟ್ಟ ತಟ್ಟೆ ಹಿಡಿದುಕೊಂಡು ನಿಂತಿದ್ದಳು.

ನಿಮ್ಮಲ್ಲಿ ಹಳಬರಿಗೆಲ್ಲ ನಮ್ಮ ಚಿಕ್ಕಪ್ಪನ ವಿಷಯ ಗೊತ್ತು. 1998ರ ಬೇಸಿಗೆ. ತೋಟದ ಬೇಲಿ, ಎರಡು ಅಡಿ ಜಾಗ. ಪಕ್ಕದ ತೋಟದವನು, ನಮ್ಮ ಮನೆ ಹಬ್ಬಕ್ಕೆ ಬಂದು ಉಂಡು ಹೋಗುತ್ತಿದ್ದವನು, ಮಚ್ಚಿನಲ್ಲಿ ಹೊಡೆದ. ಚಿಕ್ಕಪ್ಪನಿಗೆ ಆಗ 38. ಚಿಕ್ಕಮ್ಮನ ಮಡಿಲಲ್ಲಿ ಎರಡು ವರ್ಷದ ಮಗು.

ಆದ್ದರಿಂದ ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಟಿವಿಯಲ್ಲಿ ಅದೇ, ವಾಟ್ಸಾಪ್‌ನಲ್ಲಿ ಅದೇ, ಕಾಮೆಂಟಿನಲ್ಲಿ ಅದೇ. ನಿಮ್ಮ ಮನೇಲಿ ಆಗಿದ್ರೆ, ನಿಮ್ಮ ಅಕ್ಕ ತಂಗಿಗೆ ಆಗಿದ್ರೆ. ಆಗಿದೆ ಸ್ವಾಮಿ, ನಮ್ಮ ಮನೆಯಲ್ಲಿ ಆಗಿದೆ. ಈಗಲಾದರೂ ನಾನು ಮಾತಾಡಬಹುದಾ?

ಇಲ್ಲಿ ಇದುವರೆಗೆ ಬರೆಯದ ಒಂದು ಸಂಗತಿ ಇದೆ. ನನಗೂ ಅವನನ್ನು ಕೊಲ್ಲಬೇಕು ಅನ್ನಿಸಿತ್ತು. ಬರೀ ಅನ್ನಿಸಿದ್ದಲ್ಲ. ನನಗಾಗ 19 ವರ್ಷ. ಅವನನ್ನು ಕೋರ್ಟಿಗೆ ಕರೆತರುವ ಒಂದು ದಿನ ನಾನು ಬಟ್ಟೆ ಚೀಲದಲ್ಲಿ ನಮ್ಮ ಮಚ್ಚು ಸುತ್ತಿ ಇಟ್ಟುಕೊಂಡು ಬಸ್ ಹತ್ತಿದೆ. ಕೋರ್ಟಿನ ಮುಂದಿನ ಹುಣಸೆ ಮರದ ಹತ್ತಿರ ಚಿಕ್ಕಮ್ಮ "ಚೀಲ ಕೊಡು, ಮಗೂಗೆ ಬಟ್ಟೆ ಬೇಕು" ಅಂತ ಕೈ ಹಾಕಿದಳು. ಭಾರಕ್ಕೇ ಗೊತ್ತಾಯಿತು. ಏನೂ ಅನ್ನಲಿಲ್ಲ. ಬೈಯಲೂ ಇಲ್ಲ, ಅಳಲೂ ಇಲ್ಲ. ಚೀಲವನ್ನು ತೊಡೆ ಮೇಲಿಟ್ಟು ಅದರ ಮೇಲೆ ಮಗುವನ್ನು ಮಲಗಿಸಿಕೊಂಡು ಸಂಜೆವರೆಗೂ ಆ ಮರದ ಕೆಳಗೇ ಕೂತಳು. ಅವತ್ತೂ ವಾಯಿದೆ ಬಿತ್ತು. ರಾತ್ರಿ ಮನೆಗೆ ಬಂದು ಅದೇ ಮಚ್ಚಿನಲ್ಲಿ ಕಾಯಿ ಒಡೆದು ಸಾರು ಮಾಡಿದಳು. ಆ ಮಚ್ಚು ಈಗಲೂ ಕೊಟ್ಟಿಗೆಯಲ್ಲಿದೆ.

ಹಾಗಾಗಿ ಸಿಟ್ಟು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಹೆಸರು ಹೇಳಿಕೊಂಡು, ಸತ್ತವರ ಮನೆಯವರ ಹೆಸರು ಹೇಳಿಕೊಂಡು, ಇನ್ನೊಬ್ಬನ ಕತ್ತು ಕೇಳಬೇಡಿ ಅಂತ ಮಾತ್ರ ನಾನು ಹೇಳುತ್ತಿರುವುದು. ನೀವು ನಮ್ಮನ್ನು ಕೇಳಿದ್ದೀರಾ? ಐದು ವರ್ಷ ಕೇಸು ನಡೆಯಿತು. ಚಿಕ್ಕಮ್ಮ ಮಗು ಎತ್ತಿಕೊಂಡು ಎಷ್ಟು ಸಲ ಆ ಕೋರ್ಟಿನ ಮೆಟ್ಟಿಲು ಹತ್ತಿದಳೋ ಲೆಕ್ಕ ಇಟ್ಟವರಿಲ್ಲ. ಜಡ್ಜ್ ರಜೆ, ವಕೀಲರು ಬಂದಿಲ್ಲ, ಸಾಕ್ಷಿಗೆ ಸಮನ್ಸ್ ತಲುಪಿಲ್ಲ. ಕಣ್ಣಾರೆ ಕಂಡ ಮೂವರಲ್ಲಿ ಇಬ್ಬರು ಉಲ್ಟಾ ಹೊಡೆದರು. ಮೂರನೆಯವರು, ತೆಂಗಿನಕಾಯಿ ಕೀಳುವ ಮುದುಕ, ಹೆದರದೆ ನಿಂತು ಹೇಳಿದ್ದಕ್ಕೆ ಶಿಕ್ಷೆ ಆಯಿತು. ಆ ಐದು ವರ್ಷ ಮನೆಗೆ ಬಂದು "ಏನಮ್ಮ, ಬಸ್ ಚಾರ್ಜಿಗೆ ಇದೆಯಾ" ಅಂತ ಕೇಳಿದವರು ಯಾರೂ ಇರಲಿಲ್ಲ. "ಗಲ್ಲಿಗೆ ಹಾಕಿಸಿ ಬಿಡಬೇಡಿ" ಅಂತ ಹೇಳಿ ಹೋದವರು ಜಾಸ್ತಿ.

2019ರ ಡಿಸೆಂಬರ್ 6 ನೆನಪಿದೆಯಾ? ಹೈದರಾಬಾದ್ ಹತ್ತಿರ, ಪಶುವೈದ್ಯೆಯೊಬ್ಬಳ ಅತ್ಯಾಚಾರ, ಕೊಲೆ ಕೇಸಿನ ನಾಲ್ವರು ಆರೋಪಿಗಳನ್ನು ಪೊಲೀಸರು ಹೊಡೆದು ಹಾಕಿದರು. ಜನ ಪೊಲೀಸರ ಮೇಲೆ ಹೂವು ಸುರಿದರು. ಆಮೇಲೆ ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ ವರದಿ ಕೊಟ್ಟಿತು. ಪೊಲೀಸರು ಹೇಳಿದ ಕಥೆ ನಂಬುವಂತಿಲ್ಲ, ಸಾಯಲಿ ಅಂತಲೇ ಗುಂಡು ಹಾರಿಸಿದ್ದಾರೆ ಅಂತ ಅದರಲ್ಲಿತ್ತು. ಆ ವರದಿ ಬಂದ ದಿನ ಹೂವು ಹಾಕಿದವರಲ್ಲಿ ಎಷ್ಟು ಜನ ಅದನ್ನು ಓದಿದರು? ಆ ಹೆಣ್ಣುಮಗಳಿಗೆ ನಿಜವಾಗಿ ಏನಾಯಿತು, ಯಾರು ಮಾಡಿದರು ಅಂತ ಕೋರ್ಟಿನಲ್ಲಿ ಸಾಬೀತಾಗುವ ಅವಕಾಶವೇ ಇಲ್ಲದೆ ಹೋಯಿತು.

ಇನ್ನೊಂದು ಪ್ರಕರಣ ನನ್ನನ್ನು ನಿದ್ದೆ ಮಾಡಲು ಬಿಡುವುದಿಲ್ಲ. ಮಹಾರಾಷ್ಟ್ರದ್ದು. 2003ರಲ್ಲಿ ನಾಸಿಕ್ ಕಡೆ ಸೀಬೆ ತೋಟದ ಗುಡಿಸಲಿನಲ್ಲಿ ಒಂದೇ ಮನೆಯ ಐವರ ಕೊಲೆ, ಜತೆಗೆ ಅತ್ಯಾಚಾರ. ಕೇಳಿದರೆ ಯಾರ ರಕ್ತವಾದರೂ ಕುದಿಯುತ್ತದೆ. ಅಲೆಮಾರಿ ಸಮುದಾಯದ ಆರು ಜನ ಬಡವರನ್ನು ಹಿಡಿದರು. 2006ರಲ್ಲಿ ಸೆಷನ್ಸ್ ಕೋರ್ಟ್ ಆರೂ ಜನರಿಗೆ ಗಲ್ಲು ಅಂದಿತು. ಹೈಕೋರ್ಟ್ ಮೂವರಿಗೆ ಮಾತ್ರ ಗಲ್ಲು ಉಳಿಸಿತು. 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಜನರಿಗೆ ಗಲ್ಲು ಅಂದಿತು. ಹತ್ತು ವರ್ಷ ಕಳೆದು, 2019ರ ಮಾರ್ಚ್‌ನಲ್ಲಿ, ಅದೇ ಸುಪ್ರೀಂ ಕೋರ್ಟ್ ಇವರು ಮಾಡಿದ್ದಲ್ಲ ಅಂತ ಆರೂ ಜನರನ್ನು ಬಿಟ್ಟಿತು. ಬದುಕುಳಿದ ಹೆಂಗಸು ಮೊದಲೇ ಪೊಲೀಸರ ಫೋಟೋಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದಳು. ಅವರ ಬಗ್ಗೆ ತನಿಖೆಯೇ ಆಗಿರಲಿಲ್ಲ. ಆರು ಜನರಿಗೆ ತಲಾ 5 ಲಕ್ಷ ಪರಿಹಾರ. 16 ವರ್ಷಕ್ಕೆ.

ಈಗ ಹೇಳಿ, 2009ರಲ್ಲೇ ಬೇಗ ಬೇಗ ಹಗ್ಗ ಎಳೆದುಬಿಟ್ಟಿದ್ದರೆ? ನಾವೆಲ್ಲ ಚಪ್ಪಾಳೆ ಹೊಡೆದಿರುತ್ತಿದ್ದೆವು. ಮನೆಯವರನ್ನು ಕಳೆದುಕೊಂಡವರಿಗೆ ನ್ಯಾಯ ಸಿಕ್ಕಿತು ಅಂದುಕೊಂಡಿರುತ್ತಿದ್ದೆವು. ನಿಜವಾಗಿ ಕೊಂದವರು ಅವತ್ತೂ ಹೊರಗಿದ್ದರು.

ಸರಿ, ಅನುಮಾನವೇ ಇಲ್ಲದಂತೆ ಅಪರಾಧ ಸಾಬೀತಾದವನ ಕಥೆ ಏನು ಅಂತ ಕೇಳುತ್ತೀರಿ. ಜೀವ ತೆಗೆದವನನ್ನು ನಮ್ಮ ತೆರಿಗೆ ದುಡ್ಡಲ್ಲಿ ಸಾಕಬೇಕಾ, 14 ವರ್ಷ ಆದ ಮೇಲೆ ಹಾರ ಹಾಕಿ ಕಳಿಸಬೇಕಾ? ಈ ಸಿಟ್ಟು ನನಗೂ ಅರ್ಥವಾಗುತ್ತದೆ. ನಮ್ಮ ಚಿಕ್ಕಪ್ಪನನ್ನು ಕೊಂದವನೂ 2017ರಲ್ಲಿ ಸನ್ನಡತೆ ಮೇಲೆ ಬಿಡುಗಡೆಯಾಗಿ ಬಂದ. ಆದರೆ ಜೀವಾವಧಿ ಅಂದರೆ 14 ವರ್ಷ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಜೀವಾವಧಿ ಅಂದರೆ ಜೀವ ಇರುವವರೆಗೆ. ಕೊಲೆ ಕೇಸಿನಲ್ಲಿ 14 ವರ್ಷಕ್ಕಿಂತ ಮೊದಲು ಸರ್ಕಾರ ಬಿಡುವಂತಿಲ್ಲ, ಅಷ್ಟೇ. ಬಿಡಲೇಬೇಕು ಅಂತಲೂ ಇಲ್ಲ. ನಮ್ಮ ಬೆಂಗಳೂರಿನದ್ದೇ ಒಂದು ಕೊಲೆ ಕೇಸಿನಲ್ಲಿ, ಹೆಂಡತಿಯನ್ನು ಮನೆಯ ಅಂಗಳದಲ್ಲೇ ಹೂತುಹಾಕಿದ್ದ ಪ್ರಕರಣದಲ್ಲಿ, 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತೆಗೆದು, ಕೊನೆ ಉಸಿರಿನವರೆಗೂ ಹೊರಗೆ ಬಿಡಬಾರದು ಅಂತ ಹೇಳಿತು. ಅಂಥ ದಾರಿ ಇದೆ. ಘೋರ ಕೊಲೆಗೆ ಅದು ಸಾಕು ಅಂತ ನನ್ನ ನಂಬಿಕೆ. ಬಾಗಿಲು ಮುಚ್ಚಿ ಇಡಿ. ನಾಳೆ ನಮ್ಮದೇ ತಪ್ಪು ಅಂತ ಗೊತ್ತಾದರೆ ತೆಗೆಯಲು ಒಂದು ಬಾಗಿಲಾದರೂ ಇರುತ್ತದೆ.

ಗಲ್ಲಿಗೆ ಹಾಕಿದರೆ ಹೆದರಿಕೆ ಹುಟ್ಟುತ್ತದೆ ಅನ್ನುವವರಿಗೆ ಒಂದೇ ಮಾತು. 2020ರ ಮಾರ್ಚ್ 20ರಂದು ದೆಹಲಿಯ ತಿಹಾರ್ ಜೈಲಿನಲ್ಲಿ ನಿರ್ಭಯಾ ಅತ್ಯಾಚಾರ, ಕೊಲೆ ಕೇಸಿನ ನಾಲ್ವರನ್ನು ಗಲ್ಲಿಗೇರಿಸಿದರು. ಆಮೇಲೆ ನಿಂತಿತಾ? ನಮ್ಮ ಪಕ್ಕದ ತೋಟದವನು ಮಚ್ಚು ಎತ್ತುವಾಗ ಯಾವ ಸೆಕ್ಷನ್ ಅಂತ ಯೋಚಿಸಿದನಾ? ಯಾರೂ ಸಾಕ್ಷಿ ಹೇಳುವುದಿಲ್ಲ ಅನ್ನುವ ಧೈರ್ಯ ಮಾತ್ರ ಅವನಿಗಿತ್ತು. ಆ ಧೈರ್ಯವನ್ನು ಮುರಿದದ್ದು ಒಬ್ಬ ಮುದುಕ.

ನಿಜವಾಗಿ ಕಾಳಜಿ ಇದ್ದರೆ ಮಾಡುವ ಕೆಲಸ ಬೇಕಾದಷ್ಟಿದೆ. ನಿಮ್ಮೂರಲ್ಲಿ ಸಾಕ್ಷಿ ಹೇಳುವವನ ಜತೆ ಕೋರ್ಟಿಗೆ ಹೋಗಿ ಕೂರಿ. ಸತ್ತವರ ಮನೆಗೆ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕು ಈಗ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಚಿಕ್ಕಮ್ಮನ ಕಾಲಕ್ಕೆ ಅದು ಇರಲಿಲ್ಲ. ಅವಳು ಕೂಲಿ ಮಾಡಿ ಮಗಳನ್ನು ಓದಿಸಿದಳು. ನಿಮಗೆ ಗೊತ್ತಿರುವ ಒಂದು ಮನೆಗಾದರೂ ಈ ಅರ್ಜಿ ಬರೆದುಕೊಡಿ.

ಚಿಕ್ಕಮ್ಮ ಅವನನ್ನು ಕ್ಷಮಿಸಿದ್ದಾಳೆ ಅಂದುಕೊಳ್ಳಬೇಡಿ. ಅವನು ದಾರಿಯಲ್ಲಿ ಎದುರಾದರೆ ಇವತ್ತಿಗೂ ಮುಖ ತಿರುಗಿಸಿಕೊಂಡು ನಿಲ್ಲುತ್ತಾಳೆ, ಅವನು ದಾಟಿ ಹೋಗುವವರೆಗೂ. ಅವನ ಮನೆಯ ನೀರು ಮುಟ್ಟುವುದಿಲ್ಲ. ಆದರೆ ಅವನು ಸಾಯಲಿ ಅಂತ ಅವಳ ಬಾಯಲ್ಲಿ ನಾನು ಒಂದು ಸಲವೂ ಕೇಳಿಲ್ಲ.

ನಿನ್ನೆ ಸಂಜೆ ಬಸ್ಸಿನಲ್ಲಿ ಬರುವಾಗ ಅವಳು ತುಂಬಾ ಹೊತ್ತು ಮಾತಾಡಲಿಲ್ಲ. ತಿಪಟೂರು ಹತ್ತಿರ ಬಂದ ಮೇಲೆ, "ಆ ಹುಡುಗ ಯಾರ ಮಗ?" ಅಂತ ಕೇಳಿದಳು. ಹೇಳಿದೆ.

"ಪಾಪ, ಅವರ ಮನೇಲಿ ಏನೂ ಆಗದೆ ಇರಲಿ" ಅಂದಳು. ಗಾಳಿ ಬರುತ್ತಿತ್ತು, ಕಿಟಕಿ ಎಳೆದುಕೊಂಡಳು.